ಡೆಡ್‌ಲೈನ್ 10: ಮಷಿನ್ ಹೆಚ್ಚು, ಲೈಸೆನ್ಸ್ ಕಡಿಮೆ ಇರುವ ಫಾರ್ಮ್‌ಗೆ ಹೇಗಿದೆ?

ಚಿಕ್ಕ ವಿಎಫ್‌ಎಕ್ಸ್ ಸ್ಟುಡಿಯೋಗಳಲ್ಲಿ ಮಷಿನ್‌ಗೆ ಬರವಿಲ್ಲ, ಲೈಸೆನ್ಸ್‌ಗೆ ಬರ. ರಾತ್ರಿ ಆರ್ಟಿಸ್ಟ್‌ಗಳು ಮನೆಗೆ ಹೋದ ಮೇಲೆ ಅವರ ವರ್ಕ್‌ಸ್ಟೇಷನ್‌ಗಳೂ ರೆಂಡರ್ ಫಾರ್ಮ್‌ಗೆ (ಫ್ರೇಮ್‌ಗಳನ್ನು ತಯಾರಿಸುವ ಮಷಿನ್‌ಗಳ ಗುಂಪಿಗೆ) ಸೇರಿಕೊಳ್ಳುತ್ತವೆ. ಆದರೆ ನ್ಯೂಕ್ (ಕಾಂಪೋಸಿಟಿಂಗ್), ಹೂಡಿನಿ ಎಂಜಿನ್ (3ಡಿ ಎಫೆಕ್ಟ್‌ಗಳ ಹೂಡಿನಿಯನ್ನು ಫಾರ್ಮ್‌ನಲ್ಲಿ ಓಡಿಸಲು), ಆರ್ನಾಲ್ಡ್ (ರೆಂಡರರ್) ಲೈಸೆನ್ಸ್‌ಗಳು ಹಗಲು ಎಷ್ಟಿದ್ದವೋ ರಾತ್ರಿಯೂ ಅಷ್ಟೇ. ಈ ಹಂಚಿಕೆಯನ್ನು ನಾನು ಹಲವು ವರ್ಷಗಳಿಂದ, ರೆಂಡರ್ ಕೆಲಸವನ್ನು ಮಷಿನ್‌ಗಳಿಗೆ ಹಂಚುವ ಸಾಫ್ಟ್‌ವೇರ್ ಆದ ಡೆಡ್‌ಲೈನ್‌ನಲ್ಲೇ ಮಾಡುತ್ತಾ ಬಂದಿದ್ದೇನೆ. ಇಲ್ಲಿ ಬರೆಯುತ್ತಿರುವುದು ಅದರ 'ಲಿಮಿಟ್ಸ್' ಸೌಲಭ್ಯದ ಬಗ್ಗೆ ಮಾತ್ರ. ಇದೊಂದಕ್ಕೇ ಡೆಡ್‌ಲೈನ್ ಹಾಕಿಕೊಳ್ಳಬಹುದು ಅನ್ನುವಷ್ಟು ನನಗೆ ಇದು ಇಷ್ಟ.

ಲಿಮಿಟ್ ಹಾಕದಿದ್ದರೆ ಏನಾಗುತ್ತದೆ? 40 ಮಷಿನ್, 10 ಲೈಸೆನ್ಸ್ ಇವೆ ಅಂದುಕೊಳ್ಳಿ. ಹತ್ತು ಮಷಿನ್ ರೆಂಡರ್ ಮಾಡುತ್ತವೆ. ಉಳಿದ ಮೂವತ್ತು ಸೀನ್ ತೆರೆಯಲು ಹೋಗಿ, ಲೈಸೆನ್ಸ್ ಸಿಗದೆ ಎರರ್ ಕೊಟ್ಟು, ಮತ್ತೆ ಅದೇ ಟಾಸ್ಕ್ (ಜಾಬ್‌ನ ಒಂದು ತುಂಡು) ಎತ್ತಿಕೊಳ್ಳುತ್ತವೆ. ಎರರ್ ಮಿತಿ ದಾಟಿದರೆ ಇಡೀ ಜಾಬ್ ಫೇಲ್. ಆರ್ನಾಲ್ಡ್‌ನಲ್ಲಿ ಇದಕ್ಕಿಂತ ಕೆಟ್ಟದ್ದು ಆಗಬಹುದು: ಲೈಸೆನ್ಸ್ ಸಿಗದಿದ್ದರೂ ಅದು ನಿಲ್ಲುವುದಿಲ್ಲ, ಚಿತ್ರದ ಮೇಲೆ ವಾಟರ್‌ಮಾರ್ಕ್ ಹಾಕಿ ಫ್ರೇಮ್ ಮುಗಿಸಿಬಿಡುತ್ತದೆ. ಡೆಡ್‌ಲೈನ್ ಮಾನಿಟರ್‌ನಲ್ಲಿ ಜಾಬ್ ಕಂಪ್ಲೀಟ್ ಅಂತ ಕಾಣುತ್ತದೆ, ಫ್ರೇಮ್ ಮಾತ್ರ ಕೆಲಸಕ್ಕೆ ಬರುವುದಿಲ್ಲ. ಲೈಸೆನ್ಸ್ ಸಿಗದಿದ್ದರೆ ರೆಂಡರ್ ನಿಲ್ಲಿಸುವ, ಆರ್ನಾಲ್ಡ್‌ನ 'ಅಬಾರ್ಟ್ ಆನ್ ಲೈಸೆನ್ಸ್ ಫೇಲ್' ಆಯ್ಕೆಯನ್ನು ದಯವಿಟ್ಟು ಇವತ್ತೇ ಆನ್ ಮಾಡಿಕೊಳ್ಳಿ.

ಲಿಮಿಟ್ ಕೆಲಸ ಮಾಡುವ ರೀತಿ ಸರಳ. 'ನ್ಯೂಕ್' ಅಂತ ಒಂದು ಲಿಮಿಟ್ ಮಾಡಿ ಸಂಖ್ಯೆ 10 ಕೊಟ್ಟರೆ ಹತ್ತು ಸ್ಟಬ್ (ಟೋಕನ್ ಇದ್ದಂತೆ) ಹುಟ್ಟುತ್ತವೆ. ಆ ಲಿಮಿಟ್ ಹಾಕಿದ ಜಾಬ್ ಎತ್ತಿಕೊಳ್ಳುವ ಮೊದಲು ವರ್ಕರ್ (ಮಷಿನ್‌ನಲ್ಲಿ ಓಡುವ ಡೆಡ್‌ಲೈನ್ ಪ್ರೋಗ್ರಾಂ) ಒಂದು ಸ್ಟಬ್ ಪಡೆಯಬೇಕು. ಸಿಗದಿದ್ದರೆ ಸುಮ್ಮನೆ ಕೂರುವುದಿಲ್ಲ, ಆ ಲೈಸೆನ್ಸ್ ಬೇಡದ ಬೇರೆ ಜಾಬ್ ಹುಡುಕುತ್ತದೆ.

ಹೆಚ್ಚಿನವರು ಗಮನಿಸದೆ ಬಿಡುವುದು 'ಯೂಸೇಜ್ ಲೆವೆಲ್', ಅಂದರೆ ಯಾವುದಕ್ಕೆ ಒಂದೊಂದು ಸ್ಟಬ್ ಅನ್ನುವ ಲೆಕ್ಕ. ವರ್ಕರ್, ಮಷಿನ್, ಟಾಸ್ಕ್ ಅಂತ ಮೂರು ಆಯ್ಕೆ ಇವೆ. ಡಿಫಾಲ್ಟ್ ಆಗಿ ವರ್ಕರ್ ಇರುತ್ತದೆ. ಒಂದೇ ಮಷಿನ್‌ನಲ್ಲಿ ಎರಡು ವರ್ಕರ್ ಓಡಿಸುತ್ತಿದ್ದರೆ ಎರಡು ಸ್ಟಬ್ ಖರ್ಚಾಗುತ್ತವೆ. ಹೂಡಿನಿ ಎಂಜಿನ್‌ನಂಥ ಲೈಸೆನ್ಸ್‌ಗೆ ಇದು ನಷ್ಟ, ಏಕೆಂದರೆ ಒಂದೇ ಮಷಿನ್‌ನಲ್ಲಿ ಒಂದೇ ಯೂಸರ್ ಹೆಸರಲ್ಲಿ ಎಷ್ಟು ಪ್ರೊಸೆಸ್ ಓಡಿದರೂ ಅದು ಒಂದೇ ಲೈಸೆನ್ಸ್ ತಿನ್ನುತ್ತದೆ. ಅಲ್ಲಿ ಮಷಿನ್ ಲೆವೆಲ್ ಹಾಕಬೇಕು. ಪ್ರತಿ ಪ್ರೊಸೆಸ್‌ಗೂ ಒಂದೊಂದು ಲೈಸೆನ್ಸ್ ಕೇಳುವ ಪ್ಲಗಿನ್ ಇದ್ದರೆ ಟಾಸ್ಕ್ ಲೆವೆಲ್. ಹೊಸ ಲೈಸೆನ್ಸ್ ಕೊಳ್ಳುವ ಮುಂಚೆ ಈ ಒಂದು ಸೆಟ್ಟಿಂಗ್ ನೋಡಿ. ಇರುವುದರಲ್ಲೇ ಜಾಗ ಸಿಗುವ ಸಾಧ್ಯತೆ ಬಹಳ.

ನೋಡ್-ಲಾಕ್ಡ್ (ಒಂದೇ ಮಷಿನ್‌ಗೆ ಕಟ್ಟಿದ) ಲೈಸೆನ್ಸ್ ಇರುವ ಮಷಿನ್‌ಗಳ ಕಥೆ ಬೇರೆ. ಅವನ್ನು ಒಂದು ಗ್ರೂಪ್‌ಗೆ ಹಾಕಿ ಜಾಬ್ ಅಲ್ಲಿಗೆ ಕಳಿಸಿದರೆ ಆಯಿತು. ಅದರ ಜತೆ ಫ್ಲೋಟಿಂಗ್ (ಸರ್ವರ್‌ನಿಂದ ಯಾವ ಮಷಿನ್ ಬೇಕಾದರೂ ಪಡೆಯುವ) ಲೈಸೆನ್ಸ್ ಕೂಡ ಇದ್ದರೆ, ನೋಡ್-ಲಾಕ್ಡ್ ಮಷಿನ್‌ಗಳನ್ನು ಲಿಮಿಟ್‌ನ ಎಕ್ಸ್‌ಕ್ಲೂಡೆಡ್ ಪಟ್ಟಿಗೆ ಸೇರಿಸಿ. ಅವು ಸ್ಟಬ್ ಕೇಳುವುದೇ ಇಲ್ಲ, ಫ್ಲೋಟಿಂಗ್ ಲೆಕ್ಕಕ್ಕೂ ಬರುವುದಿಲ್ಲ. ಯೋಚನೆ ಮಾಡಿ ಇಟ್ಟ ಸೌಲಭ್ಯ ಅನ್ನಿಸುವುದು ಇಂಥ ಕಡೆ.

ಇನ್ನು ಕೊರತೆ. ಲಿಮಿಟ್ ಅನ್ನುವುದು ಬರೀ ಎಣಿಕೆ, ಲೈಸೆನ್ಸ್ ಸರ್ವರ್ ಜತೆ ಮಾತಾಡುವುದಿಲ್ಲ. ಆರ್ಟಿಸ್ಟ್ ತನ್ನ ಸೀಟಿನಲ್ಲಿ ಕೂತು ಲೋಕಲ್ ರೆಂಡರ್ ಹಾಕಿ ಒಂದು ಲೈಸೆನ್ಸ್ ಎತ್ತಿಕೊಂಡರೆ ಡೆಡ್‌ಲೈನ್‌ಗೆ ಗೊತ್ತಾಗುವುದೇ ಇಲ್ಲ. ಸ್ಟಬ್ ವಾಪಸಾದ ಕ್ಷಣಕ್ಕೆ ಸರಿಯಾಗಿ ಸರ್ವರ್‌ನಲ್ಲೂ ಲೈಸೆನ್ಸ್ ಬಿಡುಗಡೆ ಆಗಿರುತ್ತದೆ ಅಂತಲೂ ಇಲ್ಲ. ಅದಕ್ಕೇ ನಾನು ಲಿಮಿಟ್ ಸಂಖ್ಯೆಯನ್ನು ಅಸಲಿಗಿಂತ ಒಂದು ಕಡಿಮೆ ಇಡುತ್ತೇನೆ, ಹಗಲಿಗೆ ಕಡಿಮೆ, ರಾತ್ರಿಗೆ ಹೆಚ್ಚು ಮಾಡುವ ಸಣ್ಣ ಸ್ಕ್ರಿಪ್ಟ್ ಓಡಿಸುತ್ತೇನೆ. ಹೂಡಿನಿಯಲ್ಲಿ ಇನ್ನೊಂದು ಎಚ್ಚರ ಬೇಕು: ಎಂಜಿನ್ ಲೈಸೆನ್ಸ್ ಖಾಲಿಯಾದಾಗ ಬ್ಯಾಚ್ ಪ್ರೊಸೆಸ್ ಆರ್ಟಿಸ್ಟ್‌ಗಳು ಬಳಸುವ ಎಫ್‌ಎಕ್ಸ್ ಲೈಸೆನ್ಸ್‌ಗೇ ಕೈ ಹಾಕಬಹುದು. ಬೆಳಗ್ಗೆ ಬಂದ ಆರ್ಟಿಸ್ಟ್‌ಗೆ ಹೂಡಿನಿ ತೆರೆಯುವುದಿಲ್ಲ.

ಪ್ರಯಾರಿಟಿ ಏರಿಸಿದರೆ ಲೈಸೆನ್ಸ್ ತಾನಾಗಿ ಬಂದುಬಿಡುತ್ತದೆ ಅಂತ ಪ್ರೊಡಕ್ಷನ್‌ನವರು ನಂಬಿರುತ್ತಾರೆ. ಇಲ್ಲ. ಓಡುತ್ತಿರುವ ಟಾಸ್ಕ್ ಮುಗಿಯುವ ತನಕ ಸ್ಟಬ್ ಅದರ ಕೈಯಲ್ಲೇ ಇರುತ್ತದೆ. ಕಡಿಮೆ ಪ್ರಯಾರಿಟಿಯ ಜಾಬನ್ನು ಇಂಟರಪ್ಟಿಬಲ್ ಅಂತ ಗುರುತು ಮಾಡಿದ್ದರೆ ಮಾತ್ರ ಅದನ್ನು ಮಧ್ಯದಲ್ಲೇ ಎಬ್ಬಿಸಬಹುದು.

ನನಗೆ ಅತಿ ಹೆಚ್ಚು ಫಲ ಕೊಟ್ಟದ್ದು ಎಕ್ಸ್‌ಪೋರ್ಟ್ ಮತ್ತು ರೆಂಡರ್ ಎರಡನ್ನೂ ಬೇರೆ ಮಾಡಿದ್ದು. ಮ್ಯಾಂಟ್ರಾ (ಹೂಡಿನಿಯದೇ ರೆಂಡರರ್) ಕೆಲಸದಲ್ಲಿ ಐಎಫ್‌ಡಿ ಫೈಲ್ (ರೆಂಡರರ್ ಓದುವ ಸೀನ್ ವಿವರ) ಬರೆಯುವುದಕ್ಕೆ ಮಾತ್ರ ಎಂಜಿನ್ ಲೈಸೆನ್ಸ್ ಬೇಕು. ಆ ಫೈಲನ್ನು ರೆಂಡರ್ ಮಾಡಲು ಬೇಡ. ಆದ್ದರಿಂದ ಎಕ್ಸ್‌ಪೋರ್ಟ್ ಜಾಬ್‌ಗೆ ಲಿಮಿಟ್ ಹಾಕಿ, ರೆಂಡರ್ ಜಾಬನ್ನು ಅದಕ್ಕೆ ಡಿಪೆಂಡೆಂಟ್ ಮಾಡಿದರೆ ಎರಡು ಲೈಸೆನ್ಸ್‌ನಲ್ಲೂ ಇಡೀ ಫಾರ್ಮ್ ತುಂಬುತ್ತದೆ. ಡೆಡ್‌ಲೈನ್‌ನ ಹೂಡಿನಿ ಸಬ್‌ಮಿಟರ್‌ನಲ್ಲೇ ಈ ವ್ಯವಸ್ಥೆ ಇದೆ. ಬೆಲೆ ತೆರಬೇಕಾದ್ದು ಸ್ಟೋರೇಜ್‌ನಲ್ಲಿ: ಭಾರೀ ಸೀನ್‌ಗಳ ಐಎಫ್‌ಡಿಗಳು ಡಿಸ್ಕ್, ನೆಟ್‌ವರ್ಕ್ ಎರಡನ್ನೂ ಹಿಂಡುತ್ತವೆ. ರೆಂಡರ್ ಮುಗಿದ ಕೂಡಲೇ ಅಳಿಸುವ ಏರ್ಪಾಡು ಇರಲಿ.

ಹೊಸದಾಗಿ ಫಾರ್ಮ್ ಕಟ್ಟುವವರಿಗೆ ಡೆಡ್‌ಲೈನ್ ಶಿಫಾರಸು ಮಾಡಲು ಈಗ ಹಿಂಜರಿಕೆ ಇದೆ. 2017ರಲ್ಲಿ ಅಮೆಜಾನ್, ಡೆಡ್‌ಲೈನ್ ಮಾಡಿದ ಥಿಂಕ್‌ಬಾಕ್ಸ್ ಕಂಪನಿಯನ್ನು ಕೊಂಡಿತು, ಮುಂದೆ ಡೆಡ್‌ಲೈನ್ ಉಚಿತವೂ ಆಯಿತು. ಆದರೆ 2024ರಲ್ಲಿ ಅಮೆಜಾನ್‌ನ ಕ್ಲೌಡ್ ಸೇವೆಯಾಗಿ ಡೆಡ್‌ಲೈನ್ ಕ್ಲೌಡ್ ಬಂತು, 2025ರ ನವೆಂಬರ್‌ನಿಂದ ಡೆಡ್‌ಲೈನ್ 10 ಮೇಂಟೆನೆನ್ಸ್ ಮೋಡ್‌ನಲ್ಲಿದೆ (ಹೊಸ ಸೌಲಭ್ಯ ಬರುವುದಿಲ್ಲ, ನಿರ್ವಹಣೆ ಮಾತ್ರ). ಈಗಾಗಲೇ ಓಡುತ್ತಿರುವ ಫಾರ್ಮ್ ಇದ್ದರೆ ಗಾಬರಿ ಬೇಡ, ಬಳಸುತ್ತಾ ಇರಿ. ಹೊಸಬರು ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಓಪನ್‌ಕ್ಯೂ ನೋಡಿ. ಸೋನಿ ಪಿಕ್ಚರ್ಸ್ ಇಮೇಜ್‌ವರ್ಕ್ಸ್ ಮತ್ತು ಗೂಗಲ್ 2019ರಲ್ಲಿ ಅದನ್ನು ಓಪನ್ ಸೋರ್ಸ್ ಮಾಡಿದವು. ಅದರಲ್ಲೂ ಲಿಮಿಟ್ ಇದೆ, ಜಾಬ್‌ನ ಒಂದೊಂದು ಲೇಯರ್‌ಗೆ ಬೇರೆ ಬೇರೆ ಹಾಕಬಹುದು.