ಕೊಡಗಿನ ಮಳೆಗೆ ಕೋವಿಗೆ ಯಾವ ತೋಟಾ (ಕಾರ್ಟ್ರಿಜ್): ಕಾಗದದ್ದೋ, ಪ್ಲಾಸ್ಟಿಕ್ಕೋ, ಹಿತ್ತಾಳೆಯೋ?

ಮೊದಲೇ ಹೇಳಿಬಿಡುತ್ತೇನೆ. ಭಾಗಮಂಡಲ, ನಾಪೋಕ್ಲು ಕಡೆ ಮನೆ ಇರುವವರು ಪ್ಲಾಸ್ಟಿಕ್ ತೋಟಾನೇ ಇಟ್ಟುಕೊಳ್ಳಿ. ಕುಶಾಲನಗರದ ಕಡೆ ಮಳೆ ಕಡಿಮೆ, ಅಲ್ಲಿ ಕಾಗದದ್ದೂ ನಡೆಯುತ್ತದೆ. ಹಿತ್ತಾಳೆಯದ್ದರ ಕತೆಯೇ ಬೇರೆ, ಆಮೇಲೆ ಬರುತ್ತೇನೆ.

ನಮ್ಮದು ಜೋಡಿ ನಳಿಗೆಯ 12 ಬೋರ್, ಅಜ್ಜನ ಕಾಲದ್ದು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಯ ಮಾತು ಮುಗಿಯಿತು. ಈಗ ಕೋವಿ ಹೊರಗೆ ಬರುವುದು ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ, ಸುಗ್ಗಿ ಹಬ್ಬ ಪುತ್ತರಿಗೆ, ಮನೆಯಲ್ಲಿ ಹುಟ್ಟು ಸಾವು ಆದಾಗ, ಮತ್ತೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ. ತೊಂದರೆ ಎಲ್ಲಿ ಅಂದರೆ, ಕೈಲ್ ಪೊಳ್ದ್ ಬರುವುದು ಸೆಪ್ಟೆಂಬರ್ ಶುರುವಿನಲ್ಲಿ. ಅಂದರೆ ಬೇಸಿಗೆಯಲ್ಲಿ ತಂದ ತೋಟಾ ಜೂನ್‌ನಿಂದ ಆಗಸ್ಟ್‌ವರೆಗೆ, ಕಕ್ಕಡ ತಿಂಗಳ ಆ ಬಿಡದ ಮಳೆಯನ್ನೆಲ್ಲ ಕಪಾಟಿನೊಳಗೇ ಕೂತು ಕಳೆದು, ತೇವ ಎಷ್ಟು ಬೇಕೋ ಅಷ್ಟು ಕುಡಿದು, ಆಮೇಲೆ ಒಂದು ದಿನ ಸರಿಯಾಗಿ ಸಿಡಿಯಬೇಕು. ಅದಕ್ಕೇ ಎಲ್ಲವನ್ನೂ ಒಂದೇ ಕಪಾಟಿನಲ್ಲಿ ಇಟ್ಟು ನೋಡಿದೆ.

ಕಾಗದದ ತೋಟಾ ನನಗೆ ಇಷ್ಟ, ಸುಳ್ಳು ಯಾಕೆ ಹೇಳಲಿ. ಹೊಡೆದು ಕೋವಿ ಮಡಚಿದ ಕೂಡಲೇ ಬರುವ ಆ ಸುಟ್ಟ ಕಾಗದ, ಮೇಣದ ವಾಸನೆ ಪ್ಲಾಸ್ಟಿಕ್‌ನಲ್ಲಿ ಎಲ್ಲಿಂದ ಬರಬೇಕು? ಆದರೆ ಮಳೆಗಾಲ ದಾಟಿದ ಕಾಗದದ ತೋಟಾವನ್ನು ಬೆರಳಲ್ಲಿ ಉರುಳಿಸಿ ನೋಡಿ. ಬಾಯಿಯ ಮಡಿಕೆ ಮೆತ್ತಗಾಗಿರುತ್ತದೆ, ಮೇಲಿನ ರಟ್ಟಿನ ಬಿಲ್ಲೆ ಸ್ವಲ್ಪ ಎದ್ದಿರುತ್ತದೆ, ಮೈ ಉಬ್ಬಿರುತ್ತದೆ. ಚೇಂಬರ್‌ಗೆ, ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗಕ್ಕೆ, ಹಾಕಿದರೆ ಮುಕ್ಕಾಲು ಭಾಗ ಹೋಗಿ ನಿಲ್ಲುತ್ತದೆ. ಹೆಬ್ಬೆರಳಲ್ಲಿ ಒತ್ತಿ ಕೂರಿಸೋಣ ಅನ್ನಿಸುತ್ತದೆ, ಅಲ್ವಾ? ಬೇಡ. ಒತ್ತಿ ಕೂರಿಸಿದ್ದು ಹೊಡೆದ ಮೇಲೆ ಸುಲಭಕ್ಕೆ ಹೊರಗೆ ಬರುವುದಿಲ್ಲ. ತೇವ ಕುಡಿದ ಕಾಗದದ ಕೊಳವೆ ಹಿಂದಿನ ಲೋಹದ ಬುಡದಿಂದ ಕಿತ್ತು ನಳಿಗೆಯಲ್ಲೇ ಉಳಿದರೆ, ಅದನ್ನು ನೋಡದೆ ಇನ್ನೊಂದು ಹೊಡೆದರೆ, ನಳಿಗೆ ಸೀಳುತ್ತದೆ. ನಮ್ಮ ಭಾವ ಒಮ್ಮೆ ನನ್ನ ತೋಟಾ ನೋಡಿ, "ಏನು ಭಾವ, ಇದಕ್ಕೂ ಎಣ್ಣೆ ಹಚ್ಚಿ ಸ್ನಾನ ಮಾಡಿಸಿದ್ದೀರಾ?" ಅಂದಿದ್ದರು. ಪುತ್ತರಿ ಹೊತ್ತಿಗೆ, ನವೆಂಬರ್ ಡಿಸೆಂಬರ್‌ನಲ್ಲಿ, ಹೊಸದಾಗಿ ತಂದ ಕಾಗದದ್ದು ಚೆನ್ನಾಗಿಯೇ ಕೆಲಸ ಮಾಡಿತು.

ಪ್ಲಾಸ್ಟಿಕ್‌ನದ್ದು ಮಳೆಗೆ ಜಗ್ಗಲಿಲ್ಲ. ಉಬ್ಬಲಿಲ್ಲ, ಸಲೀಸಾಗಿ ಕೂತಿತು, ಸಲೀಸಾಗಿ ಹೊರಗೆ ಬಂತು. ಚರೆಯನ್ನು ಹಿಡಿದಿಡುವ ಪ್ಲಾಸ್ಟಿಕ್ ಬಟ್ಟಲು ಒಳಗಿದ್ದ ತೋಟಾ, ಹಳೇ ರಟ್ಟಿನ ಮೇಲೆ ಹೊಡೆದು ನೋಡಿದಾಗ, ನಾರಿನ ಬಿರಡೆಯ (ಮದ್ದು, ಚರೆ ನಡುವಿನ ಮುಚ್ಚಳ) ಕಾಗದದ ತೋಟಾಗಿಂತ ಚರೆಯನ್ನು ಒತ್ತಾಗಿ ಬೀಳಿಸಿತು. ಸ್ಪರ್ಧೆಗೆ ಅದೇ ಬೇಕಾದದ್ದು. ಆದರೆ ಪ್ಲಾಸ್ಟಿಕ್ ಅಂತ ಪೂರ್ತಿ ನಂಬಬೇಡಿ. ಮೈ ಮಾತ್ರ ಪ್ಲಾಸ್ಟಿಕ್, ಬುಡ ಲೋಹವೇ. ಹಿತ್ತಾಳೆ ಬಣ್ಣ ಕಂಡರೂ ಎಷ್ಟೋ ತೋಟಾಗಳಲ್ಲಿ ಒಳಗಿರುವುದು ಉಕ್ಕು, ಮೇಲೆ ಬರೀ ಲೇಪ. ಕ್ಯಾಪ್ (ಬುಡದ ನಡುವೆ ಕಿಡಿ ಹೊತ್ತುವ ಬಿಲ್ಲೆ) ಸುತ್ತ ತುಕ್ಕಿನ ಉಂಗುರ ಕಂಡರೆ ಅದನ್ನು ಪಕ್ಕಕ್ಕಿಡಿ, ಸ್ಪರ್ಧೆಗೆ ಒಯ್ಯಬೇಡಿ. ಮುಚ್ಚಳ ಬಿಗಿಯಾಗಿ ಕೂರುವ ಸ್ಟೀಲ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್ ಪೊಟ್ಟಣ, ಇಷ್ಟು ಸಾಕು. ಬೆಚ್ಚಗಿರಲಿ ಅಂತ ಒಲೆ ಮೇಲಿನ ಅಟ್ಟದಲ್ಲಿ ಮಾತ್ರ ಇಡಬೇಡಿ, ದಮ್ಮಯ್ಯ.

ಇನ್ನು ಹಿತ್ತಾಳೆ. ಅಜ್ಜನ ಪೆಟ್ಟಿಗೆಯಲ್ಲಿ ಖಾಲಿ ಹಿತ್ತಾಳೆ ತೋಟಾಗಳಿವೆ. ಅವಕ್ಕೆ ಮದ್ದು ತುಂಬಲು ನಾನು ಹೋಗಿಲ್ಲ, ಅದು ಕಾನೂನಿನ ವಿಷಯ, ಕೈ ಹಾಕುವುದೂ ಇಲ್ಲ. ಸುಮ್ನೆ ಕೂರಿಸಿ ನೋಡಿದೆ. ನಮ್ಮ ಕೋವಿಗೆ ಗಾಳಿ ಆಡದ ಹಾಗೆ ಕೂರುತ್ತವೆ. ಭಾವನ ಕೋವಿಯೂ 12 ಬೋರೇ, ಅದರಲ್ಲಿ ಕೆಲವು ಬುಡದ ಹತ್ತಿರ ಬಿಗಿಯಾಗಿ ನಿಂತುಬಿಡುತ್ತವೆ. ಕಾರಣ ಸರಳ: ಗುಂಡು ಸಿಡಿದಾಗ ಒಳಗಿನ ಒತ್ತಡಕ್ಕೆ ಹಿತ್ತಾಳೆ ಉಬ್ಬಿ ಚೇಂಬರ್‌ನ ಗೋಡೆಗೆ ಒತ್ತಿಕೊಳ್ಳುತ್ತದೆ. ಆಮೇಲೆ ಕೂದಲೆಳೆಯಷ್ಟು ಹಿಂದೆ ಸರಿದರೂ ಆ ಕೋವಿಯ ಅಳತೆಯೇ ಅದಕ್ಕೆ ಉಳಿಯುತ್ತದೆ. ಅಮೆರಿಕದಲ್ಲಿ ಕೆಲವು ರೈಫಲ್‌ನವರು ಇದನ್ನು ಬೇಕು ಅಂತಲೇ ಮಾಡುತ್ತಾರೆ. ಪಿ. ಒ. ಆಕ್ಲಿ ಅನ್ನುವವರು ಮಾಮೂಲಿ ರೈಫಲ್‌ಗಳ ಚೇಂಬರ್ ಕೊರೆದು, ತೋಟಾದ ಭುಜವನ್ನು (ಮೈ ಕತ್ತಿಗೆ ಕಿರಿದಾಗುವ ಇಳಿಜಾರು) 40 ಡಿಗ್ರಿಯಷ್ಟು ಕಡಿದಾಗಿ ಮಾಡಿದರು. ಅಂಥ ರೈಫಲ್‌ನಲ್ಲಿ ಅಂಗಡಿ ತೋಟಾವನ್ನು ಒಮ್ಮೆ ಹೊಡೆದರೆ ಹಿತ್ತಾಳೆ ಹೊಸ ಆಕಾರಕ್ಕೆ ಬರುತ್ತದೆ, ಮುಂದಿನ ಸಲ ಸ್ವಲ್ಪ ಜಾಸ್ತಿ ಮದ್ದು ಹಿಡಿಯುತ್ತದೆ. ನಮಗೆ ಆ ಉಸಾಬರಿ ಬೇಡ. ಹಿತ್ತಾಳೆ ತೇವಕ್ಕೆ ಹೆದರುವುದಿಲ್ಲ ನಿಜ, ಹಸಿರು ಕಿಲುಬು ಹುಣಸೆಹಣ್ಣಿಗೆ ಹೋಗುತ್ತದೆ. ಆದರೆ ಕೋವಿಯಿಂದ ಕೋವಿಗೆ ಬದಲಾಯಿಸುವ ವಸ್ತು ಅದಲ್ಲ.

ಕಾಗದವೋ ಪ್ಲಾಸ್ಟಿಕ್ಕೋ ಅಂತ ಜಗಳ ಆಡುವವರು ಉದ್ದ ನೋಡುವುದನ್ನೇ ಮರೆಯುತ್ತಾರೆ. ಹಳೇ ಇಂಗ್ಲಿಷ್ ಕೋವಿಗಳಲ್ಲಿ ಬಹಳಷ್ಟಕ್ಕೆ 65 ಮಿಲಿಮೀಟರ್ ಚೇಂಬರ್. ಈಗಿನ ಮಾಮೂಲಿ ತೋಟಾ 70. ಆ 70 ಅನ್ನುವುದು ಹೊಡೆದು ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಹೊಡೆಯುವ ಮೊದಲು ಅದು 60ರ ಆಸುಪಾಸಿನಲ್ಲಿರುತ್ತದೆ, ಹಾಗಾಗಿ 65ರ ಚೇಂಬರ್‌ಗೆ ಆರಾಮವಾಗಿ ಕೂರುತ್ತದೆ, ಕೋವಿಯೂ ಮುಚ್ಚುತ್ತದೆ. ಹೊಡೆದಾಗ ಮಾತ್ರ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ಕೋವಿ ಮಡಚಿ, ನಳಿಗೆಯನ್ನು ಬಿಡಿಸಿ, ಅದರ ಅಡಿಯ ಚಪ್ಪಟೆ ಭಾಗದಲ್ಲಿ 2½ (ಇಂಚು), 65 ಅಥವಾ 70 (ಮಿಲಿಮೀಟರ್) ಅಂತ ಒತ್ತಿದ್ದಾರಾ ನೋಡಿ. ಏನೂ ಕಾಣದಿದ್ದರೆ ಗನ್ ರಿಪೇರಿ ಮಾಡುವವರ ಹತ್ತಿರ ಚೇಂಬರ್ ಅಳತೆ ಮಾಡಿಸಿ, ಆಮೇಲೆ ತೋಟಾ ಕೊಳ್ಳಿ. ಭಾವನ ಕೋವಿಯದ್ದು 65 ಅಂತ ಗೊತ್ತಾಗಿದ್ದೇ ಹಾಗೆ. ಈ ವರ್ಷ ಅವರ ಜೇಬಿನ ತೋಟಾ ಬೇರೆ, ನನ್ನದು ಬೇರೆ.