ಯೂರಿನ್ ಬ್ಯಾಗ್ ಮಡಿಲಲ್ಲಿಟ್ಟುಕೊಂಡು ಮಾಡಿದ ಪ್ರಯಾಣ

ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರ ಕಟ್ಟಿಕೊಂಡಿದ್ದ ನಮ್ಮ ತಂದೆಯವರಿಗೆ ಆಸ್ಪತ್ರೆಯಲ್ಲಿ ಕ್ಯಾತಿಟರ್ (ಮೂತ್ರಕೋಶದಿಂದ ಮೂತ್ರ ಹೊರತರುವ ಕೊಳವೆ) ಹಾಕಿ, ಎರಡು ವಾರ ಬಿಟ್ಟು ಬರುವಂತೆ ತಿಳಿಸಿ ಮನೆಗೆ ಕಳುಹಿಸಿದರು. ಯಾವ ಮಾತ್ರೆಯನ್ನು ಯಾವ ಹೊತ್ತಿಗೆ ಕೊಡಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟವರು, ಅದರಿಂದ ಬಂದ ಮೂತ್ರ ಸೇರುವ, 2 ಲೀಟರ್ ಹಿಡಿಯುವ ಪ್ಲಾಸ್ಟಿಕ್ ಚೀಲದ ಬಗ್ಗೆ ಮಾತ್ರ ತುಂಬಿದಾಗ ಖಾಲಿ ಮಾಡಿ ಎಂದಷ್ಟೇ ಹೇಳಿದರು. ನಾವೂ ಕೇಳಲಿಲ್ಲ.

ಊರಿಗೆ ಕಾರಿನಲ್ಲಿ ಮೂರು ಗಂಟೆಯ ದಾರಿ. ಚೀಲ ಕಾಲಿಗೆ ಸಿಕ್ಕೀತೆಂದು ಅದನ್ನು ಅವರ ಮಡಿಲಲ್ಲೇ ಇಟ್ಟು ಟವೆಲ್ ಮುಚ್ಚಿದೆವು. ನಾಲ್ಕು ಜನರಿಗೆ ಕಾಣದಿದ್ದರೆ ಸಾಕೆಂಬುದು ಅವರ ಸಂಕೋಚವೂ ಆಗಿತ್ತು. ಅರ್ಧ ದಾರಿಯಲ್ಲಿ ಕಿಬ್ಬೊಟ್ಟೆ ಬಿಗಿದು ನೋವು ಶುರುವಾಯಿತು, ಕೊಳವೆಯ ಪಕ್ಕದಿಂದಲೇ ಮೂತ್ರ ಜಿನುಗಿ ಪಂಚೆ ಒದ್ದೆಯಾಯಿತು. ಕ್ಯಾತಿಟರ್ ಕಳಚಿತೆಂದು ನಾವು ಗಾಬರಿಗೊಂಡೆವು. ಮನೆಗೆ ಬಂದು ಮಲಗಿಸಿ, ತೊಡೆಯ ಕೆಳಗೆ ಮಡಿಚಿಕೊಂಡಿದ್ದ ಕೊಳವೆಯನ್ನು ಬಿಡಿಸಿ ಚೀಲವನ್ನು ಮಂಚದ ಕೆಳಕ್ಕೆ ಇಳಿಬಿಟ್ಟ ಕೂಡಲೇ ಚೀಲ ಭರಭರನೆ ತುಂಬತೊಡಗಿತು.

ಅಲ್ಲಿಗೇ ನಿಂತಿದ್ದರೆ ಒಳ್ಳೆಯದಿತ್ತು. ಮರುದಿನ ಚೀಲ ವಾಸನೆ ಬರುತ್ತಿದೆಯೆಂದು ಕ್ಯಾತಿಟರ್ ಮತ್ತು ಚೀಲದ ಕೊಳವೆ ಸೇರುವ ಜೋಡಣೆಯನ್ನು ನಾನೇ ಬಿಚ್ಚಿ, ನಲ್ಲಿಯ ನೀರಿನಲ್ಲಿ ತೊಳೆದು ಮತ್ತೆ ಸಿಕ್ಕಿಸಿದೆ. ಮೂರನೆಯ ದಿನ ಅವರಿಗೆ ಗಡಗಡ ನಡುಗುವ ಚಳಿಜ್ವರ ಬಂತು, ರಾತ್ರಿಯೆಲ್ಲ ಏನೇನೋ ಬಡಬಡಿಸಿದರು. ಮೂತ್ರದ ಸೋಂಕೆಂದು ಮತ್ತೆ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಇಂಜೆಕ್ಷನ್ ಹಾಕಿಸಿಕೊಳ್ಳಬೇಕಾಯಿತು. ಯಾವ ತಪ್ಪಿನಿಂದ ಎಷ್ಟು ಕೆಟ್ಟಿತೆಂದು ಬಿಡಿಸಿ ಹೇಳಲಾಗದು, ಆದರೆ ಎರಡೂ ತಪ್ಪುಗಳು ನಮ್ಮವೇ.

ಆಗ ಒಬ್ಬ ನರ್ಸ್ ಕೂತು ವಿವರಿಸಿದರು. ಆ ಚೀಲದಲ್ಲಿ ಮೂತ್ರವನ್ನು ಎಳೆದುಕೊಳ್ಳುವ ಯಾವ ಯಂತ್ರವೂ ಇಲ್ಲ, ಇಳಿಜಾರೊಂದೇ ಆಧಾರ. ಆದ್ದರಿಂದ ಚೀಲ ಸದಾ ಮೂತ್ರಕೋಶಕ್ಕಿಂತ ಕೆಳಗಿರಬೇಕು. ಜೀವನವಿಡೀ ಗದ್ದೆಗೆ ನೀರು ಹಾಯಿಸಿದ ಮನುಷ್ಯನ ಮನೆಯವರಿಗೆ ಇದನ್ನು ಬೇರೆಯವರು ಹೇಳಬೇಕಾಯಿತು! ಚೀಲದ ಬಾಯಲ್ಲಿ ಹಿಮ್ಮುಖ ಹರಿವನ್ನು ತಡೆಯುವ ಕವಾಟವಿದ್ದರೂ, ಕೊಳವೆಯಲ್ಲಿ ನಿಂತ ಮೂತ್ರ ಮೇಲೆತ್ತಿದಾಗ ವಾಪಸ್ಸು ಹೋಗಬಲ್ಲದು. ಚೀಲವನ್ನು ಮಂಚದ ಚೌಕಟ್ಟಿಗೆ ತೂಗುಹಾಕಬೇಕು, ನೆಲಕ್ಕೆ ತಾಗಿಸಬಾರದು, ಕೊಳವೆಯನ್ನು ಸ್ವಲ್ಪ ಸಡಿಲ ಬಿಟ್ಟು ತೊಡೆಗೆ ಅಂಟಿಸಬೇಕು. ಮೂರರಲ್ಲಿ ಎರಡು ಭಾಗ ತುಂಬುವ ಮೊದಲೇ, ಕೈ ತೊಳೆದು, ಅದಕ್ಕೆಂದೇ ಇಟ್ಟ ಜಗ್ಗಿಗೆ ಕೆಳಗಿನ ನಳಿಕೆಯಿಂದ ಖಾಲಿ ಮಾಡಬೇಕು. ನಳಿಕೆಯ ತುದಿ ಜಗ್ಗಿಗೆ ಸೋಕಬಾರದು. ಮೇಲಿನ ಜೋಡಣೆಯನ್ನು ಚೀಲ ಬದಲಾಯಿಸುವಾಗ ಹೊರತು ಬಿಚ್ಚಲೇಬಾರದು. ಮಲಬದ್ಧತೆಯಿಂದಲೂ ಹರಿವು ನಿಲ್ಲಬಹುದೆಂಬುದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಕೊಳವೆ ನೆಟ್ಟಗಿದ್ದು, ಚೀಲ ಕೆಳಗಿದ್ದೂ ಮೂತ್ರ ಬಾರದೆ ಹೊಟ್ಟೆ ಬಿಗಿದರೆ, ರಕ್ತದ ಗಡ್ಡೆಗಳು ಕಂಡರೆ, ಚಳಿಜ್ವರ ಬಂದರೆ ಅಥವಾ ವಯಸ್ಸಾದವರು ಇದ್ದಕ್ಕಿದ್ದಂತೆ ಗೊಂದಲಕ್ಕೊಳಗಾದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ. ಕ್ಯಾತಿಟರನ್ನು ಮಾತ್ರ ನೀವೇ ಎಳೆಯಬೇಡಿ. ಅದರ ತುದಿಯಲ್ಲಿ ನೀರು ತುಂಬಿದ ಬಲೂನು ಒಳಗೆ ಕೂತಿರುತ್ತದೆ, ಎಳೆದರೆ ಮೂತ್ರನಾಳವೇ ಹರಿದುಹೋಗಬಹುದು.

ಎರಡನೆಯ ಸಲ ಮನೆಗೆ ಹೊರಟಾಗ ಚೀಲವನ್ನು ಖಾಲಿ ಮಾಡಿಸಿ, ಸೀಟಿನ ಅಂಚಿನ ಕೆಳಗೆ ತೂಗುಹಾಕಿ, ಅರ್ಧ ಗಂಟೆಗೊಮ್ಮೆ ಬಗ್ಗಿ ನೋಡುತ್ತಾ ಬಂದೆವು. ಟವೆಲನ್ನು ಅದರ ಮೇಲೆಯೇ ಇಳಿಬಿಟ್ಟಿದ್ದರಿಂದ ತಂದೆಯವರ ಸಂಕೋಚಕ್ಕೂ ತೊಂದರೆಯಾಗಲಿಲ್ಲ.