ಹೊಟ್ಟೆ ಉಬ್ಬಿದ ರಾತ್ರಿ ಫೋನ್ ಎತ್ತದ ಕ್ಲಿನಿಕ್

ಮಂಡ್ಯದಿಂದ ಬೆಳಗಿನ ಟ್ರೈನ್ ಹಿಡಿದು ಮೈಸೂರಿನ ಈ ಐವಿಎಫ್ ಕ್ಲಿನಿಕ್‌ಗೆ ಓಡಾಡಿದೆವು. ನನಗೆ ಪಿಸಿಓಎಸ್ ಅನ್ನೋ ಹಾರ್ಮೋನ್ ತೊಂದರೆ, ಅಂಡಾಣು ಎಷ್ಟಿವೆ ಅಂತ ತೋರಿಸುವ ಎಎಂಎಚ್ ಹಾರ್ಮೋನ್ ಕೂಡ ಜಾಸ್ತಿ. ಇಂಥವರ ಅಂಡಾಶಯ ಅಂಡಾಣು ಬೆಳೆಸುವ ಇಂಜೆಕ್ಷನ್‌ಗೆ ಹದ ಮೀರಿ ಕೆರಳುತ್ತದೆ ಅಂತ ಡಾಕ್ಟರ್ ಚೀಟಿ ಹಿಂದೆ ಚಿತ್ರ ಬರೆದು ತೋರಿಸಿದರು. ಅಸಲಿ ಕಿತಾಪತಿ ಅಂಡಾಣು ಹಣ್ಣಾಗಲು ಕೊನೆಗೆ ಕೊಡುವ ಹಾರ್ಮೋನ್ ಎಚ್‌ಸಿಜಿಯದಂತೆ: ಅದನ್ನು ಕೊಟ್ಟ ಮೇಲೆ ಅಂಡಾಶಯ ವಿಇಜಿಎಫ್ ಅನ್ನೋ ಪ್ರೋಟೀನನ್ನು ಜಾಸ್ತಿ ಬಿಡುತ್ತದೆ, ರಕ್ತನಾಳ ಸೋರುತ್ತದೆ, ನೀರು ಹೊಟ್ಟೆಯಲ್ಲಿ ತುಂಬಿಕೊಳ್ಳುತ್ತದೆ. ಅದಕ್ಕೇ ನನಗೆ ಡೋಸ್ ಕಡಿಮೆ, ಟ್ರಿಗರ್ ಅನ್ನೋ ಆ ಕೊನೆಯ ಇಂಜೆಕ್ಷನ್ ಬೇರೆ, ಭ್ರೂಣಗಳೆಲ್ಲ ಆಗಲೇ ಗರ್ಭಕ್ಕೆ ಹಾಕದೆ ಫ್ರೀಜ್. ಗರ್ಭ ನಿಂತರೆ ದೇಹವೇ ಎಚ್‌ಸಿಜಿ ತಯಾರಿಸಿ ಇನ್ನಷ್ಟು ಕೆಡಿಸುತ್ತದೆ ಅಲ್ವಾ? ಆದರೂ ಅಂಡಾಣು ತೆಗೆದ ಮೂರನೇ ದಿನ ಚೂಡಿದಾರದ ಲಾಡಿ ಕಟ್ಟಲಾಗದಷ್ಟು ಹೊಟ್ಟೆ ಉಬ್ಬಿತು. ರಾತ್ರಿ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ! ಬೆಳಿಗ್ಗೆ ಸ್ಕ್ಯಾನ್ ಮಾಡಿ, ದಿನಾ ತೂಕ ಬರೆದಿಡಿ ಅಂದರು. ವಾರದಲ್ಲಿ ಇಳಿಯಿತು. ಡಾಕ್ಟರ್‌ಗೆ 5 ಸ್ಟಾರ್, ಆ ಫೋನ್‌ಗೆ ಸೊನ್ನೆ.